ಹಳೆಯ ಕೋವಿಯೂ ಹಿರಿಯ ಬೇಟೆಗಾರರೂ

ಯೌವನದಲ್ಲಿ ಹತ್ತಿದ ಹವ್ಯಾಸಗಳಲ್ಲಿ ಬೇಟೆಯಷ್ಟು ಗಟ್ಟಿಯಾಗಿ ಮುಪ್ಪಿನವರೆಗೂ ಅಂಟಿಕೊಂಡು ಬರುವಂಥವು ವಿರಳ. ನಮ್ಮ ಭಾರತೀನಗರದ ಸುತ್ತಲಿನ ಹಳ್ಳಿಗಳಲ್ಲಿಯೂ ಗೌಜಲಕ್ಕಿ, ಬೆಳವ, ಮೊಲಗಳ ಮಾತು ಬಂದಿತೆಂದರೆ ಕಣ್ಣರಳಿಸುವ ಹಿರಿಯರು ಇಂದಿಗೂ ಉಂಟು. “ಒಂದು ಹಕ್ಕಿ ಹೊಡೆದರೆ ನಾಡು ಮುಳುಗಿಹೋಗುವುದೆ?” ಎಂಬುದು ಅಂಥವರ ವಾದ. ಅದನ್ನು ಗದರಿ ತಳ್ಳಿಹಾಕುವುದು ಸುಲಭ; ಪರಿಶೀಲಿಸಿ ನೋಡುವುದು ಮೇಲು.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಮೂಲತಃ ‘ಸಣ್ಣ ಬೇಟೆ’ ಎಂಬ ವರ್ಗವೇ ಇದ್ದಿತು. ಅದಕ್ಕೆ ಪರವಾನಗಿಯೂ ದೊರೆಯುತ್ತಿದ್ದಿತು. 1991ರ ತಿದ್ದುಪಡಿಯು ಅಂಥ ಪರವಾನಗಿಗಳನ್ನು ತೆಗೆದುಹಾಕಿತು. ಬೆಳೆಯ ರಕ್ಷಣೆಗೆಂದು ಕೋವಿ ಇಟ್ಟುಕೊಳ್ಳಲು ಕೊಡುವ ಪರವಾನಗಿಯಿಂದ ಬೇಟೆಯಾಡುವ ಹಕ್ಕು ಬರುವುದಿಲ್ಲ. ಆದರೆ ಕಾನೂನನ್ನಷ್ಟೇ ತೋರಿಸಿದರೆ ಹಿರಿಯರ ಮನಸ್ಸು ಒಪ್ಪದು. ಆದುದರಿಂದ ಕೋವಿಯನ್ನೇ ವಿಚಾರಿಸೋಣ.

ಹಳೆಯ ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಕರಿಮದ್ದನ್ನು ಸುರಿದು, ನಾರನ್ನು ಒತ್ತಿ, ಸೀಸದ ಚರೆಗಳನ್ನು ಹಾಕಿ, ಸಲಾಕೆಯಿಂದ ಗಿಡಿಯಬೇಕು. ಒಂದು ಈಡು ತಪ್ಪಿದರೆ ಇನ್ನೊಂದು ಈಡಿಗೆ ಹಕ್ಕಿ ಕಾಯದು. ಚರೆಗಳು ಸೆಕೆಂಡಿಗೆ ಸುಮಾರು 300 ಮೀಟರು ವೇಗದಲ್ಲಿ ಹೊರಟರೂ ಆ ವೇಗ ಬಹುಬೇಗ ಕುಂದುವುದು. ಗೋಳದ ವ್ಯಾಸ ಅರ್ಧವಾದರೆ ಅದರ ತೂಕ ಎಂಟರಲ್ಲೊಂದು ಪಾಲಿಗೆ ಇಳಿಯುವುದು. ಗಾಳಿಗೆ ಎದುರಾಗುವ ಅದರ ಮೈ ನಾಲ್ಕರಲ್ಲೊಂದು ಪಾಲಿಗೆ ಮಾತ್ರ ಇಳಿಯುವುದು. ಹೀಗಾಗಿ ಚರೆ ಸಣ್ಣದಾದಷ್ಟೂ ಗಾಳಿಯ ತಡೆ ಬಲವಾಗಿ ತಟ್ಟುವುದು. ಚರೆಗಳು ಚೆದುರುವುದು ಬೇರೆ. 35-40 ಮೀಟರಿನಾಚೆ ಇರುವ ಹಕ್ಕಿಯು ಒಮ್ಮೆಗೇ ಸಾಯುವುದಕ್ಕಿಂತ ಗಾಯಗೊಂಡು ಹಾರಿಹೋಗಿ, ಎಲ್ಲೋ ನರಳಿ ಸಾಯುವ ಸಂಭವವೇ ಹೆಚ್ಚು. ವಯಸ್ಸು ಕಳೆದಂತೆ ಕಣ್ಣಿನ ಮಸೂರ ಬಿಗಿಯುವುದು, ಕೈಯ ಚುರುಕು ತಗ್ಗುವುದು. ಈ ಸಂಭವ ಇನ್ನಷ್ಟು ಬೆಳೆಯುವುದು.

ಇನ್ನು ಸೀಸದ ಕಥೆ. ಆರನೆಯ ನಂಬರಿನ ಚರೆ 28 ಗ್ರಾಂ ತೂಗಿದರೆ ಸುಮಾರು 270 ಕಾಳುಗಳಿರುವುವು. ಹಕ್ಕಿಗೆ ತಗಲುವಂಥವು ಕೆಲವೇ. ಉಳಿದವು ಗದ್ದೆಗೋ ಕೆರೆಯಂಗಳಕ್ಕೋ ಬೀಳುವುವು. ಕಾಳು ತಿನ್ನುವ ಹಕ್ಕಿಗಳು ಅದನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವುದುಂಟು. ಚರೆಯನ್ನೂ ಕಲ್ಲೆಂದು ನುಂಗಿದರೆ, ಸೀಸ ಸವೆದು ರಕ್ತಕ್ಕೆ ಸೇರಿ ನರಗಳನ್ನು ಕೆಡಿಸುವುದು. ಈ ಕಾರಣದಿಂದಲೇ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. ಯೂರೋಪಿನ ಒಕ್ಕೂಟವು 2023ರಿಂದ ಜೌಗುನೆಲಗಳಲ್ಲಿ ಅದನ್ನು ತಡೆದಿದೆ. ಹೊಡೆದ ಹಕ್ಕಿ ಒಂದೇ ಆದರೂ ಅಪಾಯ ಒಂದಕ್ಕೇ ನಿಲ್ಲದೆಂದು ಇದರಿಂದ ತಿಳಿಯುವುದು.

ಹಾಗಾದರೆ ಹಿರಿಯರ ಜಾಣ್ಮೆ ವ್ಯರ್ಥವೆ? ಖಂಡಿತ ಅಲ್ಲ. ಕೋವಿಯ ಬಲ ಅಲ್ಪವಾದುದರಿಂದಲೇ ಬೇಟೆಗಾರನು ಹತ್ತಿರ ಸಾಗುವುದನ್ನು ಕಲಿಯಬೇಕಾಯಿತು. ಗಾಳಿ ಯಾವ ಕಡೆಯದು, ಗೌಜಲು ಯಾವ ಪೊದೆಯಿಂದ ಕೂಗುವುದು, ಮೊಲ ಯಾವ ಬದುವಿನ ಮೇಲೆ ಹಾಯುವುದು ಎಂಬುದನ್ನೆಲ್ಲ ಅವನು ಬಲ್ಲ. ನಿಜವಾದ ವಿದ್ಯೆ ಇದು. ಇದಕ್ಕೆ ಮದ್ದೂ ಬೇಡ, ಚರೆಯೂ ಬೇಡ. ಗುರಿಯ ಚಪಲವನ್ನು ತೀರಿಸಿಕೊಳ್ಳಲು ಕೊಡಗಿನವರು ದಾರಿ ತೋರಿದ್ದಾರೆ: ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು.

ನಮ್ಮ ಮದ್ದೂರು ತಾಲ್ಲೂಕಿನದೇ ಆದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಪಕ್ಕದ ಮರಗಳಲ್ಲಿಯೇ ಗೂಡು ಕಟ್ಟುವುವು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆ ಬರುವುದಕ್ಕೆ ಬಹು ಮೊದಲೇ ಆ ಊರಿನವರು ಹಕ್ಕಿಗಳನ್ನು ಮನೆಯವರಂತೆ ಕಂಡಿದ್ದರು. ಹಕ್ಕಿಯನ್ನು ಬಲ್ಲ ಹಳ್ಳಿಗನು ಹಕ್ಕಿಯನ್ನು ಕಾಯಬಲ್ಲನೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ರಜೆಯಲ್ಲಿ ಊರಿಗೆ ಹೋದಾಗ ಇಂಥ ಒಬ್ಬ ತಾತನವರ ಬಳಿ ಕುಳಿತುಕೊಳ್ಳಿರಿ. ಯಾವ ತಿಂಗಳಿನಲ್ಲಿ ಯಾವ ಹಕ್ಕಿ ಬರುತ್ತಿದ್ದಿತು, ಯಾವುದು ಈಗ ಕಾಣದಾಗಿದೆ ಎಂದು ಕೇಳಿ, ಊರಿನ ಹೆಸರು ಸಹಿತ ಬರೆದಿಟ್ಟುಕೊಳ್ಳಿರಿ. ಕೋವಿ ಗೋಡೆಯ ಮೇಲಿರಲಿ. ಅವರ ತಿಳಿವಳಿಕೆ ಅವರೊಂದಿಗೇ ಮಣ್ಣಾಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು. ಹೆಚ್ಚು ಕಾಲ ಉಳಿದಿಲ್ಲ.