ಚಳಿಗಾಲ ಯಾರಿಗೆ ಬಂತು?

2022ರ ಫುಟ್‌ಬಾಲ್ ವಿಶ್ವಕಪ್ಪನ್ನು ಜೂನ್-ಜುಲೈನಿಂದ ಎತ್ತಿ ನವೆಂಬರ್-ಡಿಸೆಂಬರ್‌ಗೆ ಇಟ್ಟಾಗ ಯುರೋಪಿನವರು ಹಾಕಿದ ರಂಪ ನೆನಪಿದೆಯಾ? ಲೀಗ್ ಅರ್ಧಕ್ಕೇ ನಿಲ್ಲುತ್ತೆ, ಕ್ರಿಸ್‌ಮಸ್ ಹೊಸ್ತಿಲಲ್ಲಿ ಫೈನಲ್ಲಾ, ಬಯಲಲ್ಲಿ ಬಿಯರ್ ಹಿಡ್ಕೊಂಡು ಮ್ಯಾಚ್ ನೋಡೋ ಸುಖ ಹೋಯ್ತು, ಸಂಪ್ರದಾಯ ಮುರೀತು. ಶನಿವಾರ ರಾತ್ರಿ ಪ್ರೀಮಿಯರ್ ಲೀಗ್ ನೋಡ್ತಾ ದೊಡ್ಡವರಾದ ನಮ್ಮ ಪೈಕಿಯವರೂ ಆಫೀಸಿನ ಕ್ಯಾಂಟೀನಿನಲ್ಲಿ ಅದನ್ನೇ ಗಿಳಿಪಾಠ ಒಪ್ಪಿಸಿದರು. "ವಿಶ್ವಕಪ್ ಅಂದ್ರೆ ಬೇಸಿಗೆ ಕಣೋ!"

ಯಾರ ಬೇಸಿಗೆ ಸ್ವಾಮಿ? 1930ರಲ್ಲಿ ಮೊಟ್ಟಮೊದಲ ವಿಶ್ವಕಪ್ ನಡೆದಿದ್ದು ಉರುಗ್ವೆಯಲ್ಲಿ, ಜುಲೈ ತಿಂಗಳಲ್ಲಿ. ಅಲ್ಲಿ ಅದು ನಡು ಚಳಿಗಾಲ. 1962ರ ಚಿಲಿ, 1978ರ ಅರ್ಜೆಂಟೀನಾ, 2010ರ ದಕ್ಷಿಣ ಆಫ್ರಿಕಾ, ಎಲ್ಲವೂ ಅಲ್ಲಿನವರ ಚಳಿಗಾಲದಲ್ಲೇ ಆದವು. ಜೋಹಾನ್ಸ್‌ಬರ್ಗ್‌ನ ರಾತ್ರಿಗಳಲ್ಲಿ ಜನ ಜಾಕೆಟ್ಟು, ಟೋಪಿ ಹಾಕ್ಕೊಂಡು ವುವುಜೆಲಾ ಊದಿದ್ದನ್ನು ನಾವೇ ಟಿವಿಯಲ್ಲಿ ನೋಡಿದ್ದೀವಿ. ಆಗ ಯಾರಿಗೂ ಸಂಪ್ರದಾಯ ಮುರಿದಂತೆ ಕಾಣಲಿಲ್ಲ. ಯಾಕಂದ್ರೆ ಯುರೋಪಿನ ಕ್ಲಬ್‌ಗಳಿಗೆ ಅದು ರಜೆಯ ಕಾಲವೇ ಆಗಿತ್ತು. ನಮಗಂತೂ ಜೂನ್-ಜುಲೈ ಅಂದ್ರೆ ಮುಂಗಾರು. ಕೊಡೆ ಹಿಡ್ಕೊಂಡು ಬಂದು ಮ್ಯಾಚ್ ನೋಡೋ ನಾವು "ಬೇಸಿಗೆ ಹಬ್ಬ ಕೆಟ್ಟಿತು" ಅಂತ ಗೋಳಾಡೋದು ತಮಾಷೆಯಾಗಿದೆ.

ಆದ್ದರಿಂದ ಮೊದಲೇ ಹೇಳಿಬಿಡ್ತೀನಿ: ಕತಾರ್‌ನಲ್ಲಿ ಆಡಲೇಬೇಕು ಅಂತಾದ ಮೇಲೆ ಚಳಿಗಾಲಕ್ಕೆ ಹಾಕಿದ್ದು ಸರಿಯಾದ ತೀರ್ಮಾನ. ಸಂಶಯ ಇದ್ದವರು 2019ರ ದೋಹಾ ವಿಶ್ವ ಅಥ್ಲೆಟಿಕ್ಸ್ ನೆನೆಸಿಕೊಳ್ಳಲಿ. ಮಹಿಳೆಯರ ಮ್ಯಾರಥಾನನ್ನು ಬಿಸಿಲಿಗೆ ಹೆದರಿ ನಡುರಾತ್ರಿಗೆ ಶುರು ಮಾಡಿದರು, ಅದೂ ಸೆಪ್ಟೆಂಬರ್ ಕೊನೆಯಲ್ಲಿ. ಆ ಹೊತ್ತಲ್ಲೂ 30 ಡಿಗ್ರಿ ಮೀರಿದ ಸೆಕೆ, ಅದರ ಮೇಲೆ ಕಡಲ ತೇವ. ಓಟಕ್ಕೆ ನಿಂತವರು 68 ಜನ, ಮುಗಿಸಿದವರು 40. ಉಳಿದ 28 ಮಂದಿ ನಡುದಾರಿಯಲ್ಲೇ ಕೈಚೆಲ್ಲಿದರು, ಕೆಲವರನ್ನು ಗಾಲಿಕುರ್ಚಿಯಲ್ಲಿ ಸಾಗಿಸಬೇಕಾಯ್ತು. ಇನ್ನು ಜೂನ್ ತಿಂಗಳ ಕತೆ ಕೇಳೋದೇ ಬೇಡ.

ನನ್ನ ತಕರಾರು ಬೇರೆ.

ಮೊದಲನೆಯದು, ಇದೇನು 2015ರಲ್ಲಿ ದಿಢೀರನೆ ಗೊತ್ತಾದ ಸಂಗತಿಯಾ? 2010ರ ಡಿಸೆಂಬರ್ 2ರಂದು ಜೂರಿಕ್‌ನಲ್ಲಿ ಫಿಫಾ ಕಾರ್ಯಕಾರಿ ಸಮಿತಿಯ 22 ಜನ ಮತ ಹಾಕಿದರು. ಕೊನೆಯ ಸುತ್ತಲ್ಲಿ ಕತಾರ್‌ಗೆ 14, ಅಮೆರಿಕಕ್ಕೆ 8. ಅದಕ್ಕೂ ಮುಂಚೆಯೇ ಫಿಫಾದ ಸ್ವಂತ ಪರಿಶೀಲನಾ ವರದಿ, ಜೂನ್-ಜುಲೈನ ಬಿಸಿಲು ಆಟಗಾರರಿಗೂ ಪ್ರೇಕ್ಷಕರಿಗೂ ಆರೋಗ್ಯದ ಅಪಾಯ ತರಬಹುದು ಅಂತ ಬರೆದಿತ್ತು. ಆ ವರದಿ ಮತ ಹಾಕುವವರ ಕೈಯಲ್ಲಿತ್ತು. ಅದನ್ನು ಪಕ್ಕಕ್ಕಿಟ್ಟು ಜೂನ್-ಜುಲೈಗೇ ಅಂತ ಕೊಟ್ಟರು. ಸ್ಟೇಡಿಯಮ್ಮನ್ನೇ ಏಸಿ ಮಾಡ್ತೀವಿ ಅಂದ್ರು, ಹೂಂ ಅಂದ್ರು. ನಾಲ್ಕೂಕಾಲು ವರ್ಷ ಕಳೆದು, 2015ರ ಮಾರ್ಚ್‌ನಲ್ಲಿ, ಫೈನಲ್ ಡಿಸೆಂಬರ್ 18ಕ್ಕೆ ಅಂತ ಅದೇ ಸಮಿತಿ ನಿರ್ಧರಿಸಿತು.

ಟೆಂಡರ್, ಪ್ರಾಜೆಕ್ಟ್ ಅಂತ ದಿನಾ ಹೊಡೆದಾಡೋ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೆಂಡರ್ ಒಬ್ಬನಿಗೆ ಕೊಟ್ಟಾದ ಮೇಲೆ ಸ್ಕೋಪನ್ನೇ ಬದಲಾಯಿಸೋದಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಚಳಿಗಾಲದ ಪಂದ್ಯಾವಳಿ ಅಂತ ಮೊದಲೇ ಹೇಳಿದ್ದರೆ ಆಸ್ಟ್ರೇಲಿಯಾ, ಜಪಾನ್, ದಕ್ಷಿಣ ಕೊರಿಯಾ, ಅಮೆರಿಕ ಬೇರೆ ಲೆಕ್ಕದಲ್ಲಿ ಅರ್ಜಿ ಹಾಕ್ತಿದ್ದವೋ ಏನೋ, ಕೇಳಿದವರ್ಯಾರು? ಅದೇ ಸುಮಾರಿಗೆ ಅಮೆರಿಕದ ಫಾಕ್ಸ್ ಚಾನೆಲ್ಲಿಗೆ 2026ರ ಪ್ರಸಾರದ ಹಕ್ಕು ಹರಾಜೇ ಇಲ್ಲದೆ ಸಿಕ್ಕಿತು. ನವೆಂಬರ್-ಡಿಸೆಂಬರ್ ಅಂದ್ರೆ ಅಮೆರಿಕನ್ ಫುಟ್‌ಬಾಲಿನ ಸುಗ್ಗಿ ಕಾಲ, ಫಾಕ್ಸ್‌ಗೆ ನಷ್ಟ. ಅಳುವ ಮಗುವಿಗೆ ಬೆಲ್ಲ ಕೊಟ್ಟರು ಅಂತ ಜನ ಆಡಿಕೊಂಡರು. ಆಡಿಕೊಂಡಿದ್ದರಲ್ಲಿ ತಪ್ಪೇನೂ ನನಗೆ ಕಾಣಲ್ಲ.

ಅಂದಹಾಗೆ, ಬಿಸಿಲಿನ ಬಗ್ಗೆ ಫಿಫಾಗೆ ಇಷ್ಟೊಂದು ಕಾಳಜಿ ಯಾವಾಗ ಹುಟ್ಟಿತು? 1986ರ ಮೆಕ್ಸಿಕೋ ವಿಶ್ವಕಪ್ಪಿನ ಫೈನಲ್ ಶುರುವಾಗಿದ್ದು ಮಟಮಟ ಮಧ್ಯಾಹ್ನ 12ಕ್ಕೆ. ಯುರೋಪಿನ ಟಿವಿಗೆ ಅದು ಸಂಜೆ. ಮರಡೋನಾ ಸೇರಿ ಆಟಗಾರರು ಕೂಗಾಡಿದರೂ ಗಂಟೆ ಬದಲಾಗಲಿಲ್ಲ. 1994ರಲ್ಲಿ ಪಸಡೀನಾದ ಫೈನಲ್ಲೂ ಅಷ್ಟೇ, ಹನ್ನೆರಡೂವರೆಯ ಸುಡುಬಿಸಿಲು. ಟಿವಿಗೆ ಬೇಕಾದಾಗ ಬಿಸಿಲು ತಡಕೊಳ್ಳಬಹುದಾದ ವಸ್ತು, ಬೇಡವಾದಾಗ ವೈದ್ಯಕೀಯ ಸಮಸ್ಯೆ!

ಕ್ಲಬ್‌ಗಳ ದೂರು ಪೂರ್ತಿ ಸುಳ್ಳೇನಲ್ಲ. ಪ್ರೀಮಿಯರ್ ಲೀಗ್ ನವೆಂಬರ್ 13ರವರೆಗೂ ಆಡಿತು, ವಿಶ್ವಕಪ್ 20ಕ್ಕೆ ಶುರು. ಮಧ್ಯೆ ಬರೀ ಒಂದು ವಾರ. ಸೆನೆಗಲ್‌ನ ಸಾಡಿಯೊ ಮಾನೆ ನವೆಂಬರ್ 8ರಂದು ಬಯರ್ನ್ ಪರ ಆಡ್ತಾ ಗಾಯ ಮಾಡಿಕೊಂಡು ಕಪ್ಪನ್ನೇ ಕಳೆದುಕೊಂಡ. ಪಾಪ. ಆದ್ರೆ ಕ್ಲಬ್‌ಗಳ ಕೈ ಬರಿದಾಗಲಿಲ್ಲ. ಆಟಗಾರರನ್ನು ಬಿಟ್ಟುಕೊಟ್ಟಿದ್ದಕ್ಕೆ ಫಿಫಾ ಕ್ಲಬ್‌ಗಳಿಗೆ ಅಂತ ತೆಗೆದಿಟ್ಟಿದ್ದು 20.9 ಕೋಟಿ ಡಾಲರ್. ಒಬ್ಬ ಆಟಗಾರನಿಗೆ ದಿನಕ್ಕೆ ಸುಮಾರು 10 ಸಾವಿರ ಡಾಲರ್ ಲೆಕ್ಕ. ಈ ಅಂಕಿ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಈಗ ನಿಜವಾದ ವಿಷಯಕ್ಕೆ ಬರೋಣ. ತೊಂಬತ್ತು ನಿಮಿಷ, ಏಸಿ ಹಾಕಿದ ಮೈದಾನದಲ್ಲಿ, ಪಕ್ಕದಲ್ಲೇ ಡಾಕ್ಟರು, ನೀರು, ಐಸ್ ಎಲ್ಲ ಇಟ್ಕೊಂಡು ಓಡೋ ಇಪ್ಪತ್ತೈದು ವರ್ಷದ ಹುಡುಗನ ಪ್ರಾಣಕ್ಕೆ ಕತಾರ್‌ನ ಬೇಸಿಗೆ ಅಪಾಯ ಅಂತ ಫಿಫಾ ಒಪ್ಪಿಕೊಂಡಿತು. ಸರಿ. ಹಾಗಾದರೆ ಅದೇ ಮೈದಾನದ ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿದ ಹುಡುಗನಿಗೆ? ಅವನಿಗೂ ಇಪ್ಪತ್ತೈದೇ ವರ್ಷ. ಅವನು ನೇಪಾಳದವನೋ, ಬಿಹಾರದವನೋ, ತೆಲಂಗಾಣದವನೋ. ಅವನ ಪಂದ್ಯ ತೊಂಬತ್ತು ನಿಮಿಷಕ್ಕೆ ಮುಗೀತಿರಲಿಲ್ಲ.

ಆಟಗಾರನಿಗೆ ಇಡೀ ಜಗತ್ತಿನ ಕ್ಯಾಲೆಂಡರನ್ನೇ ಐದು ತಿಂಗಳು ಸರಿಸಿದರು. ಯುರೋಪಿನ ಹತ್ತಾರು ಲೀಗುಗಳು ನಿಂತವು. ಕಟ್ಟುವವನಿಗೆ? 2007ರಿಂದ ಕತಾರ್‌ನಲ್ಲಿ ಇದ್ದ ನಿಯಮ ಇಷ್ಟು: ಜೂನ್ 15ರಿಂದ ಆಗಸ್ಟ್ 31ರವರೆಗೆ, ಬೆಳಿಗ್ಗೆ ಹನ್ನೊಂದೂವರೆಯಿಂದ ಮಧ್ಯಾಹ್ನ ಮೂರರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು. ಮೂರೂವರೆ ಗಂಟೆ. ಇದನ್ನು ಹತ್ತರಿಂದ ಮೂರೂವರೆಗೆ ಹಿಗ್ಗಿಸಿ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೂ ಎಳೆದಿದ್ದು 2021ರಲ್ಲಿ. ಬಿಸಿಲು, ತೇವ, ಗಾಳಿ ಎಲ್ಲ ಕೂಡಿಸಿ ಲೆಕ್ಕ ಹಾಕುವ ಡಬ್ಲ್ಯುಬಿಜಿಟಿ ಅಂತ ಒಂದು ಅಳತೆ ಇದೆ. ಅದು 32.1 ದಾಟಿದರೆ ಕೆಲಸ ನಿಲ್ಲಿಸಲೇಬೇಕು ಅನ್ನೋ ನಿಯಮವೂ ಅದೇ ವರ್ಷ ಬಂತು. ಅದೇ ಅಳತೆ 32 ಮುಟ್ಟಿದರೆ ಆಟ ನಿಲ್ಲಿಸಿ ನೀರು ಕುಡಿಸಬೇಕು ಅಂತ ಫಿಫಾ ತನ್ನ ಆಟಗಾರರಿಗೆ 2014ರ ಬ್ರೆಜಿಲ್ ವಿಶ್ವಕಪ್ಪಿನ ಹೊತ್ತಿಗೇ ಮಾಡಿಕೊಂಡಿತ್ತು.

ಏಳು ವರ್ಷದ ಅಂತರ ನೋಡಿ. 2021ರ ಮೇನಲ್ಲಿ ಕತಾರ್ ಆ ಆದೇಶ ಹೊರಡಿಸೋ ಹೊತ್ತಿಗೆ ಎಂಟು ಸ್ಟೇಡಿಯಂಗಳಲ್ಲಿ ನಾಲ್ಕು ಕಟ್ಟಿ ಮುಗಿದು ಉದ್ಘಾಟನೆಯೂ ಆಗಿತ್ತು. ಖಲೀಫಾ, ಅಲ್ ಜನೂಬ್, ಎಜುಕೇಷನ್ ಸಿಟಿ, ಅಹ್ಮದ್ ಬಿನ್ ಅಲಿ. ಉಳಿದವೂ ಮೇಲೆದ್ದು ನಿಂತಿದ್ದವು.

2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಆತಿಥ್ಯ ಸಿಕ್ಕಿದ ಮೇಲಿನ ಹತ್ತು ವರ್ಷದಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದ 6,500ಕ್ಕೂ ಹೆಚ್ಚು ವಲಸಿಗರು ಕತಾರ್‌ನಲ್ಲಿ ಸತ್ತಿದ್ದಾರೆ ಅಂತ ಬರೆಯಿತು. ಅದರಲ್ಲಿ ಭಾರತದವರೇ 2,711. ಕೂಡಲೇ ಉತ್ತರ ಬಂತು: ಇವರೆಲ್ಲ ಸ್ಟೇಡಿಯಂ ಕೆಲಸದವರಲ್ಲ, ಎಲ್ಲ ಕಾರಣದ ಸಾವೂ ಇದರಲ್ಲಿ ಸೇರಿದೆ. ನಿಜ, ಒಪ್ಪೋಣ. ಅಂಗಡಿಯವನೂ ಇರ್ತಾನೆ, ಡ್ರೈವರೂ ಇರ್ತಾನೆ. ಹಾಗಾದರೆ ಸರಿಯಾದ ಸಂಖ್ಯೆ ಯಾವುದು? ಆಯೋಜಕರ ಅಧಿಕೃತ ಲೆಕ್ಕದಲ್ಲಿ ಕೆಲಸದ ಜಾಗದಲ್ಲಿ ಸತ್ತವರು ಮೂವರು. ವಿಶ್ವಕಪ್ ನಡೀತಿರುವಾಗಲೇ ಅದೇ ಆಯೋಜನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್ ತವಾದಿ ಟಿವಿ ಸಂದರ್ಶನದಲ್ಲಿ, ಕಪ್ಪಿಗೆ ಸಂಬಂಧಿಸಿದ ಎಲ್ಲ ಕೆಲಸ ಸೇರಿಸಿದರೆ ನಾನೂರರಿಂದ ಐನೂರು ಅಂದರು. ಮೂರಕ್ಕೂ ಐನೂರಕ್ಕೂ ನಡುವೆ ಎಷ್ಟು ಮನೆಗಳಿಗೆ ಪೆಟ್ಟಿಗೆ ಹೋಯ್ತು ಅನ್ನೋದನ್ನು ಲೆಕ್ಕ ಇಡೋ ಪುರಸೊತ್ತು ಯಾರಿಗೂ ಇರಲಿಲ್ಲ. ಎಷ್ಟೋ ಸಾವುಗಳಿಗೆ ಮರಣೋತ್ತರ ಪರೀಕ್ಷೆಯೇ ಆಗಲಿಲ್ಲ. "ಸಹಜ ಸಾವು", "ಹೃದಯ ನಿಂತಿತು" ಅಂತ ಬರೆದು ಮುಗಿಸಿದರು. ಹೃದಯ ಎಲ್ಲರದ್ದೂ ನಿಲ್ಲುತ್ತೆ ಮಾರಾಯ್ರೆ, ಯಾಕೆ ನಿಂತಿತು ಅಂತ ಕೇಳಿದ್ದು. ಸಹಜ ಸಾವು ಅಂತ ಬರೆದರೆ ಕೆಲಸದ ಕಂಪನಿ ಪರಿಹಾರ ಕೊಡಬೇಕಿಲ್ಲ, ಅದು ಒಳಗುಟ್ಟು.

ಹಣ ಇರಲಿಲ್ವಾ? ಆ ನಾಲ್ಕು ವರ್ಷದಲ್ಲಿ ಫಿಫಾದ ಆದಾಯ 750 ಕೋಟಿ ಡಾಲರ್. ಬಹುಮಾನದ ಒಟ್ಟು ಮೊತ್ತ 44 ಕೋಟಿ ಡಾಲರ್. ಕನಿಷ್ಠ ಅಷ್ಟನ್ನಾದರೂ ಕಾರ್ಮಿಕರ ಪರಿಹಾರಕ್ಕೆ ಇಡಿ ಅಂತ ಆಮ್ನೆಸ್ಟಿ 2022ರ ಮೇನಲ್ಲೇ ಕೇಳಿತ್ತು. ಎರಡೂವರೆ ವರ್ಷ ಸತಾಯಿಸಿ, 2024ರ ನವೆಂಬರ್‌ನಲ್ಲಿ ಫಿಫಾ 5 ಕೋಟಿ ಡಾಲರಿನ ನಿಧಿ ಘೋಷಿಸಿತು. ಅದು ಹೋಗೋದು ವಿಶ್ವಸಂಸ್ಥೆಯಂಥ ದೊಡ್ಡ ಸಂಸ್ಥೆಗಳ ಯೋಜನೆಗಳಿಗೆ. ಸತ್ತವನ ಹೆಂಡತಿಗೆ ಅದರಲ್ಲಿ ಒಂದು ಪೈಸೆ ಇಲ್ಲ. ಮಾನೆ ಆಡದಿದ್ದರೂ ಬಯರ್ನ್‌ನ ಬೇರೆ ಆಟಗಾರರ ಲೆಕ್ಕದಲ್ಲಿ ಕ್ಲಬ್ಬಿಗೆ ದುಡ್ಡು ಬಂತು, ದಿನಕ್ಕೆ ಆ 10 ಸಾವಿರ ಡಾಲರ್ ಪ್ರಕಾರ. ಕತಾರ್‌ನಲ್ಲಿ ಕೂಲಿಯವನ ಕನಿಷ್ಠ ವೇತನ, ಅದೂ 2021ರಲ್ಲಿ ನಿಗದಿಯಾಗಿದ್ದು, ತಿಂಗಳಿಗೆ 1,000 ರಿಯಾಲ್. ಡಾಲರಿನಲ್ಲಿ 275 ಚಿಲ್ಲರೆ. ಆಟಗಾರನ ಒಂದು ದಿನ ಅವನಿಗೆ ಮೂರು ವರ್ಷ.

ಪಂದ್ಯಾವಳಿಯ ಹಿಂದಿನ ದಿನ ಫಿಫಾ ಅಧ್ಯಕ್ಷ ಇನ್ಫ್ಯಾಂಟಿನೊ ಪತ್ರಿಕಾಗೋಷ್ಠಿಯಲ್ಲಿ ಕೂತು, ಇವತ್ತು ನನಗೆ ನಾನೂ ಒಬ್ಬ ವಲಸೆ ಕಾರ್ಮಿಕ ಅನ್ನಿಸ್ತಿದೆ ಅಂದರು. ಯುರೋಪಿನವರು ಮೂರು ಸಾವಿರ ವರ್ಷ ಮಾಡಿದ್ದಕ್ಕೆ ಮುಂದಿನ ಮೂರು ಸಾವಿರ ವರ್ಷ ಕ್ಷಮೆ ಕೇಳಬೇಕು ಅಂತಲೂ ಅಂದರು. ಎರಡನೆಯದು ಚಪ್ಪಾಳೆ ಗಿಟ್ಟಿಸೋ ಮಾತು, ಅದರಲ್ಲಿ ಸತ್ಯವೂ ಇದೆ. ಆದರೆ ಯುರೋಪಿನವನ ಆಷಾಢಭೂತಿತನ ತೋರಿಸಿದರೆ ನೇಪಾಳದವನಿಗೆ ಬಾಕಿ ಸಂಬಳ ಬರುತ್ತಾ?

ನಾವೇನು ಕಮ್ಮಿ? ಆ 2,711 ಜನ ನಮ್ಮ ದೇಶದವರು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿಗೆ ಹೋದವರಿಲ್ಲದ ಬೀದಿ ಹುಡುಕೋದೇ ಕಷ್ಟ. ಚಳಿಗಾಲದ ಕಪ್ಪಿನಿಂದ ನಮಗೆ ಲಾಭವೇ ಆಯ್ತು: ಸಂಜೆ ಆರೂವರೆ, ರಾತ್ರಿ ಒಂಬತ್ತೂವರೆಗೆ ಮ್ಯಾಚು, ಫೈನಲ್ ಭಾನುವಾರ ರಾತ್ರಿ ಎಂಟೂವರೆಗೆ. ಮೊದಲ ದಿನ ಜಿಯೋಸಿನಿಮಾದಲ್ಲಿ ವಿಡಿಯೋ ಸುತ್ತುತ್ತಾ ನಿಂತಾಗ ನಮ್ಮ ಟ್ವಿಟ್ಟರ್ ಹೊತ್ತಿ ಉರೀತಲ್ಲ, ಇಡೀ ತಿಂಗಳಲ್ಲಿ ನಮಗೆ ಬಂದ ಅತಿ ದೊಡ್ಡ ಕೋಪ ಅದೇ ಇರಬೇಕು.

ಈಗ 2034. ಸೌದಿ ಅರೇಬಿಯಾ. 2024ರ ಡಿಸೆಂಬರ್ 11ರಂದು ಕೊಟ್ಟರು, ಈ ಸಲ ಮತ ಎಣಿಸೋ ಕಷ್ಟವೂ ಇರಲಿಲ್ಲ, ಅರ್ಜಿ ಹಾಕಿದ್ದೇ ಒಬ್ಬರು. 48 ತಂಡ, 104 ಪಂದ್ಯ, ಐದು ಊರುಗಳಲ್ಲಿ 15 ಸ್ಟೇಡಿಯಂ. ಯಾವ ತಿಂಗಳು ಅನ್ನೋ ಜಗಳ ಶುರುವಾಗಿದೆ. ಬೇಸಿಗೆ ಆಗಲ್ಲ. ನವೆಂಬರ್-ಡಿಸೆಂಬರ್ ಅಂದರೆ ಆ ವರ್ಷ ರಂಜಾನ್ ಅಡ್ಡ ಬರುತ್ತೆ, ರಿಯಾದ್‌ನಲ್ಲಿ ಏಷ್ಯನ್ ಗೇಮ್ಸೂ ಇದೆ. ಹಾಗಾಗಿ ಜನವರಿ ಅಂತಿದ್ದಾರೆ. ಕ್ಲಬ್‌ಗಳು ಮತ್ತೆ ರಂಪ ಮಾಡ್ತವೆ, ಮತ್ತೆ ಪರಿಹಾರದ ಮಾತು, ಕ್ಯಾಂಟೀನಿನಲ್ಲಿ ಮತ್ತೆ ಅದೇ ಸಂಪ್ರದಾಯದ ಗೋಳು. ತಿಂಗಳು ಆರಿಸಿಕೊಳ್ಳೋಕೆ ಅವರಿಗಿನ್ನೂ ವರ್ಷಗಳ ಸಮಯ ಇದೆ. ಕಟ್ಟೋಕೆ ಹೋಗುವವರಿಗೆ ಸದ್ಯ ಇರೋದು ಸೌದಿಯ ಬೇಸಿಗೆ ನಿಯಮ: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆವರೆಗೆ ನೆರಳು. ಹನ್ನೊಂದೂವರೆಗೆ, ಮೂರೂಕಾಲಿಗೆ ಕೆಲಸ ಇರುತ್ತೆ.