ಬೆಕ್ಕು ನಮ್ಮದು, ಬಾಗಿಲೂ ನಮ್ಮದೇ

ನ್ಯೂಯಾರ್ಕ್-ನ್ಯೂಜೆರ್ಸಿ ಕಡೆಯ ಕನ್ನಡಿಗರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಮಕ್ಕಳ ಕಾಲೇಜು, ಪ್ರಾಪರ್ಟಿ ಟ್ಯಾಕ್ಸ್, ಊರಿನಲ್ಲಿ ಕೊಂಡ ಸೈಟು ಇವುಗಳ ಸುತ್ತ ತಿರುಗುವುದು ವಾಡಿಕೆ. ಈಚೆಗೆ ಈ ಪಟ್ಟಿಗೆ ಕಯೋಟಿಯೂ ಸೇರಿಕೊಂಡಿದೆ. ಒಬ್ಬರ ಮನೆಯ ಡೆಕ್ಕಿನ ಪಕ್ಕ ಕಂಡಿತಂತೆ. ಇನ್ನೊಬ್ಬರ ಬೆಕ್ಕು ಮೂರು ದಿನದಿಂದ ಪತ್ತೆಯಿಲ್ಲವಂತೆ. "ಇಷ್ಟೊಂದು ಟ್ಯಾಕ್ಸ್ ಕಟ್ಟುತ್ತೇವೆ, ಟೌನ್‌ಶಿಪ್‌ನವರು ಅವನ್ನು ಹಿಡಿಸಿ ಹೊಡೆಸಬಾರದೇನ್ರೀ?" ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಆಮೇಲೆ ಮೇಯರ್‌ಗೆ ಬರೆದ ಅರ್ಜಿಗೆ ಸಹಿ ಕೇಳುತ್ತಾರೆ. ಅಂಥ ಅರ್ಜಿಗೆ ನಾವು ಸಹಿ ಹಾಕುವುದಿಲ್ಲ. ಏಕೆ ಹಾಕುವುದಿಲ್ಲ ಎಂಬುದನ್ನು ಈ ಪುಟದಲ್ಲಿ ಬಾಂಧವರ ಮುಂದಿಡುತ್ತಿದ್ದೇವೆ. ಕೆಲವರಿಗೆ ಕಹಿಯಾದೀತು. ಔಷಧಿ ಬರೆಯುವುದೇ ಕಸುಬಾದವರಿಗೆ ಕಹಿ ಕೊಟ್ಟು ಅಭ್ಯಾಸವಿದೆ!

ಮೊದಲು ಈ ಆರೋಪಿಯ ಜಾತಕ ನೋಡೋಣ. ಕಯೋಟಿ ನಮ್ಮ ಕಡೆಯ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಈ ಪೂರ್ವ ಭಾಗದ ಕಯೋಟಿಯಲ್ಲಿ ತೋಳದ ರಕ್ತವೂ ನಾಯಿಯ ರಕ್ತವೂ ಸ್ವಲ್ಪ ಬೆರೆತಿದೆ. ತೂಕ ಸುಮಾರು 20ರಿಂದ 50 ಪೌಂಡು. ಇಲ್ಲಿದ್ದ ತೋಳಗಳನ್ನು ಹಿಂದಿನವರು ಕೊಂದು ಮುಗಿಸಿದರು, ಕಾಡು ಕಡಿದರು. ಖಾಲಿಯಾದ ಜಾಗಕ್ಕೆ ಪಶ್ಚಿಮದಿಂದ ಕಯೋಟಿ ನಡೆದು ಬಂತು. ನ್ಯೂಜೆರ್ಸಿಯಲ್ಲಿ ಅದು ಮೊದಲು ದಾಖಲಾದದ್ದು 1939ರಲ್ಲಿ, ಲ್ಯಾಂಬರ್ಟ್‌ವಿಲ್‌ನಲ್ಲಿ. ಈಗ ರಾಜ್ಯದ 21 ಕೌಂಟಿಗಳಲ್ಲೂ ಇದೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ 1995ರಲ್ಲಿ ಕಂಡಿತು. 1999ರಲ್ಲಿ ಮತ್ತು 2006ರಲ್ಲಿ ಮ್ಯಾನ್‌ಹಟನ್ನಿನ ಸೆಂಟ್ರಲ್ ಪಾರ್ಕಿನಲ್ಲೇ ಪೋಲೀಸರನ್ನು ಓಡಾಡಿಸಿತು. ಅಂದರೆ ನಾವು ರೆಸಿಡೆನ್ಸಿಗೆಂದು ಎರಡು ಸೂಟ್‌ಕೇಸು ಹಿಡಿದು ಜೆಎಫ್‌ಕೆಯಲ್ಲಿ ಇಳಿಯುವ ಹೊತ್ತಿಗೆ ಇವರು ಆಗಲೇ ಖಾಯಂ ನಿವಾಸಿಗಳು. ವಲಸೆ ಬಂದು ಹೊಸ ಜಾಗಕ್ಕೆ ಹೊಂದಿಕೊಂಡು, ಸಿಕ್ಕಿದ್ದು ತಿಂದು, ಮಕ್ಕಳನ್ನು ಸಾಕಿಕೊಂಡಿರುವವರನ್ನು "ಎಲ್ಲಿಂದಲೋ ಬಂದವು, ಓಡಿಸಿ" ಎನ್ನುವ ಮೊದಲು ನಾವು ಸ್ವಲ್ಪ ಯೋಚಿಸಬೇಡವೆ?

ಕಯೋಟಿ ಬೆಕ್ಕನ್ನು ತಿನ್ನುತ್ತದೆಯೆ? ತಿನ್ನುತ್ತದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನಮಗೆ ಬೇಕಿಲ್ಲ. ಆದರೆ ಎಷ್ಟು ತಿನ್ನುತ್ತದೆ ಎಂಬುದು ಊರಿಂದೂರಿಗೆ ಬೇರೆ. ಷಿಕಾಗೋ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಯೋಟಿ ಹಿಕ್ಕೆಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಕ್ಕಿನ ಅಂಶ ಸಿಕ್ಕಿದ್ದು ಸುಮಾರು ಶೇಕಡ 1ರಲ್ಲಿ; ಅಲ್ಲಿ ಅವುಗಳ ಹೊಟ್ಟೆ ತುಂಬುತ್ತಿದ್ದುದು ಇಲಿ, ಮೊಲ, ಜಿಂಕೆ, ಹಣ್ಣುಗಳಿಂದ. ಲಾಸ್ ಏಂಜಲೀಸ್ ನಗರದೊಳಗಿನ ಕಯೋಟಿಗಳ ಬಗ್ಗೆ 2020ರಲ್ಲಿ ಬಂದ ಅಧ್ಯಯನದಲ್ಲಿ ಅದೇ ಅಂಶ ಶೇಕಡ 20. ಅರಿಜೋನಾದ ಟೂಸಾನ್‌ನಲ್ಲಿ ಕಯೋಟಿಗಳ ಬೆನ್ನು ಹತ್ತಿ ನೋಡಿದವರು 36 ಸಲ ಕಯೋಟಿ-ಬೆಕ್ಕು ಮುಖಾಮುಖಿಯಾದದ್ದನ್ನು ಕಂಡರು. ಅದರಲ್ಲಿ 19 ಸಲ ಬೆಕ್ಕು ಸತ್ತಿತು. ಪ್ರಾಣಿ ಒಂದೇ, ಹಲ್ಲೂ ಅದೇ; ಲೆಕ್ಕ ಮಾತ್ರ ಬೇರೆ. ಏಕೆಂದರೆ ಕಯೋಟಿಗೆ ಬೆಕ್ಕಿನ ಮೇಲೆ ಹಗೆಯೂ ಇಲ್ಲ, ವಿಶೇಷ ರುಚಿಯೂ ಇಲ್ಲ. ಎದುರಿಗೆ ಸುಲಭವಾಗಿ ಸಿಕ್ಕಿದ್ದನ್ನು ತಿನ್ನುತ್ತದೆ. ಆ ಸುಲಭವನ್ನು ಒದಗಿಸುವವರು ಯಾರು ಎಂಬುದೇ ಪ್ರಶ್ನೆ.

ನಾವೆಲ್ಲ ಗೋವಿನ ಹಾಡು ಕೇಳಿ ಬೆಳೆದವರು. ಅಲ್ಲಿಯ ಹುಲಿ ಹಸುವಿನ ಸತ್ಯಕ್ಕೆ ಕರಗಿ, ಪಶ್ಚಾತ್ತಾಪಪಟ್ಟು ಪ್ರಾಣವನ್ನೇ ಬಿಟ್ಟಿತು. ಪಾರ್ಸಿಪನಿಯ ಕಯೋಟಿಯಿಂದ ಅಂಥದ್ದನ್ನು ನಿರೀಕ್ಷಿಸುವುದು ಸರಿಯಲ್ಲ. ಮರಿ ಹಾಕುವ ವಸಂತ ಕಾಲ ಕಳೆದು ಬೇಸಿಗೆ ಬಂದಾಗ ಅದಕ್ಕೆ ತನ್ನ ಹೊಟ್ಟೆಯಷ್ಟೇ ಅಲ್ಲ, ಐದಾರು ಮರಿಗಳ ಹೊಟ್ಟೆಯನ್ನೂ ತುಂಬಿಸಬೇಕು. ಅದೇ ಬೇಸಿಗೆಯ ರಾತ್ರಿ ನಾವು ಹಿಂದಿನ ಬಾಗಿಲು ತೆರೆದು ಬೆಕ್ಕನ್ನು ಹೊರಗೆ ಬಿಟ್ಟು ಎ.ಸಿ. ಹಾಕಿಕೊಂಡು ಮಲಗುತ್ತೇವೆ. ಬೆಳಿಗ್ಗೆ ಎದ್ದು ಯಾರನ್ನು ಬೈಯಬೇಕು?

ಇನ್ನು "ಹಿಡಿಸಿ ಹೊಡೆಸಿ" ಎಂಬ ಪರಿಹಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಈ ದೇಶದಲ್ಲಿ ಸರ್ಕಾರದ ಖರ್ಚಿನಲ್ಲೇ ಪ್ರತಿ ವರ್ಷ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತ ಬಂದಿದ್ದಾರೆ. ಫಲವೇನು? ಹವಾಯಿ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಿಗೂ ಅದು ಹರಡಿದೆ. ಒಂದು ಜೋಡಿ ತನ್ನ ಎಲ್ಲೆಯೊಳಗೆ ಬೇರೆ ಕಯೋಟಿಗಳನ್ನು ಬಿಟ್ಟುಕೊಳ್ಳುವುದಿಲ್ಲ. ಆ ಜೋಡಿಯನ್ನು ಹೊಡೆದರೆ ಜಾಗ ಖಾಲಿಯಾಗುತ್ತದೆ, ಅಲೆಯುತ್ತಿದ್ದ ಮರಿಗಯೋಟಿ ಬಂದು ಸೇರುತ್ತದೆ. ಅದಕ್ಕೆ ನಮ್ಮ ಬೀದಿ, ನಮ್ಮ ನಾಯಿ, ನಮ್ಮ ರೀತಿ ರಿವಾಜು ಒಂದೂ ಗೊತ್ತಿರುವುದಿಲ್ಲ.

ಇದು ನಮ್ಮ ನಾಡಿನಲ್ಲೂ ನಡೆದ ಪಾಠವೇ. ಚಿರತೆ ನಾಯಿಯನ್ನು ಹೊತ್ತೊಯ್ಯುವುದು ಮಲೆನಾಡಿನವರಿಗೆ ಹೊಸ ಸುದ್ದಿಯಲ್ಲ. ಸಂಜೆಯಾದರೆ ನಾಯಿಯನ್ನು ಒಳಗೆ ಕಟ್ಟಿಕೊಳ್ಳುವುದು ಅಲ್ಲಿ ಕಲಿಸಬೇಕಾದ ಬುದ್ಧಿಯೂ ಅಲ್ಲ. ಪಕ್ಕದ ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ತಿಂದ ಮಾಂಸದ ತೂಕದಲ್ಲಿ ಶೇಕಡ 39 ನಾಯಿಗಳದ್ದು, ಶೇಕಡ 15 ಬೆಕ್ಕುಗಳದ್ದು. ಅದೇ ರಾಜ್ಯದ ಜುನ್ನರ್‌ನಲ್ಲಿ ಚಿರತೆಗಳನ್ನು ಹಿಡಿದು ದೂರ ಬಿಟ್ಟು ಬಂದ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹಿಡಿಯುವುದೂ ಹುಡುಗಾಟವಲ್ಲ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯನ್ನು ಹಿಡಿಯುವಾಗ, ಚಿರತೆಗಳ ಬಗ್ಗೆ ಬಲ್ಲವರಾದ ಸಂಜಯ್ ಗುಬ್ಬಿಯವರೇ ಗಾಯಗೊಂಡರು.

ಮತ್ತೊಂದು ಮಾತು. ನಾವು ಕಯೋಟಿಯನ್ನು ಕೊಲೆಗಡುಕ ಎನ್ನುವಾಗ ನಮ್ಮ ಮುದ್ದು ಬೆಕ್ಕು ಏನು ಮಾಡುತ್ತಿರುತ್ತದೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಇವುಗಳಲ್ಲಿ ಹೆಚ್ಚಿನ ಪಾಲು ಯಾರಿಗೂ ಸೇರದ ಬೀದಿ ಬೆಕ್ಕುಗಳದ್ದು. ಕ್ಯಾಲಿಫೋರ್ನಿಯಾದ ಸಾನ್ ಡಿಯೇಗೋದಲ್ಲಿ ಕಯೋಟಿ ಇದ್ದ ಹಳ್ಳಕೊಳ್ಳಗಳಲ್ಲಿ ಬೆಕ್ಕುಗಳ ಓಡಾಟ ಕಡಿಮೆಯಾಗಿ ಹಕ್ಕಿಗಳ ಬಗೆಗಳು ಹೆಚ್ಚು ಉಳಿದುಕೊಂಡಿದ್ದವೆಂದು 1999ರಲ್ಲೇ ಪ್ರಕಟವಾಗಿದೆ. ನಮ್ಮ ಹತ್ತಿರದ್ದೇ ಬೇಕೆಂದರೆ ಲಾಂಗ್ ಐಲೆಂಡಿನ ಜೋನ್ಸ್ ಬೀಚಿದೆ. ಮರಳಿನಲ್ಲಿ ಮೊಟ್ಟೆಯಿಡುವ ಪೈಪಿಂಗ್ ಪ್ಲವರ್ ಎಂಬ ಪುಟ್ಟ ಹಕ್ಕಿ ಅಳಿವಿನ ಅಂಚಿನಲ್ಲಿದೆ; ಅದರ ಪಕ್ಕದಲ್ಲೇ ಬೀದಿ ಬೆಕ್ಕುಗಳಿಗೆ ಊಟ ಹಾಕುತ್ತಿದ್ದರು. ಹಕ್ಕಿಗಳ ಪರವಾಗಿದ್ದ ಸಂಸ್ಥೆ 2016ರಲ್ಲಿ ಕೋರ್ಟಿಗೆ ಹೋಯಿತು. 2018ರಲ್ಲಿ ರಾಜಿಯಾಗಿ, ಬೆಕ್ಕುಗಳನ್ನು ಅಲ್ಲಿಂದ ಸಾಗಿಸಲು ಒಪ್ಪಬೇಕಾಯಿತು.

ಈಗ ನಮ್ಮ ವೃತ್ತಿಗೆ ಸೇರಿದ ಮಾತಿಗೆ ಬರೋಣ. ಇದು ಬರಿಯ ಬೆಕ್ಕಿನ ಪ್ರಾಣದ ವಿಷಯವಲ್ಲ, ಮನೆಯ ಮಕ್ಕಳ ವಿಷಯ. ರಕೂನ್‌ಗಳ ಮೂಲಕ ಹರಡುವ ರೇಬೀಸ್ 1989ರಲ್ಲಿ ನ್ಯೂಜೆರ್ಸಿಯನ್ನು ಹೊಕ್ಕಿತು. ಅಂದಿನಿಂದ ಈ ರಾಜ್ಯದ ಸಾಕುಪ್ರಾಣಿಗಳಲ್ಲಿ ಕಂಡ ರೇಬೀಸ್ ಪ್ರಕರಣಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಬೆಕ್ಕುಗಳದ್ದು, ನಾಯಿಗಳದ್ದಲ್ಲ. ಹುಚ್ಚುನಾಯಿ ಎಂದರೆ ಹೆದರುವ ನಾವು ಹುಚ್ಚುಬೆಕ್ಕು ಎಂಬ ಪದವನ್ನೇ ಕಲಿತಿಲ್ಲ! 1994ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಕಾನ್ಕರ್ಡ್‌ನಲ್ಲಿ, ಪ್ರಾಣಿಗಳನ್ನು ಮಾರುವ ಅಂಗಡಿಯೊಂದರ ಒಂದೇ ಒಂದು ಬೆಕ್ಕಿನ ಮರಿಗೆ ರೇಬೀಸ್ ಇದ್ದುದು ತಿಳಿದು 665 ಜನರಿಗೆ ಇಂಜೆಕ್ಷನ್ ಕೊಡಬೇಕಾಯಿತು. ನಾವು ಎಂಬಿಬಿಎಸ್ ಓದುವ ಕಾಲಕ್ಕೆ ಸರ್ಕಾರಿ ಆಸ್ಪತ್ರೆಯ ಮುಂದೆ ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚಿಸಿಕೊಳ್ಳಲು ಸಾಲು ನಿಂತವರನ್ನು ನೋಡಿದವರು. ಆ ಹಳೆಯ ಲಸಿಕೆ ಭಾರತದಲ್ಲೂ ನಿಂತು ವರ್ಷಗಳಾದವು. ಈಗ ಇಲ್ಲಿ, ಹಿಂದೆ ಲಸಿಕೆ ಪಡೆಯದವರಿಗೆ, ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಆಮೇಲೆ ಎರಡು ವಾರದೊಳಗೆ ನಾಲ್ಕು ಲಸಿಕೆ. ನೋವು ಕಡಿಮೆ, ಬಿಲ್ಲು ಮಾತ್ರ ಸಾವಿರಗಟ್ಟಲೆ ಡಾಲರು. ಆದರೆ ಒಂದು ಸಂಗತಿ ಬದಲಾಗಿಲ್ಲ: ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾವು ವೈದ್ಯರು ಮಾಡಬಹುದಾದದ್ದು ಬಹುಮಟ್ಟಿಗೆ ಏನೂ ಇಲ್ಲ.

ರಾತ್ರಿಯೆಲ್ಲ ರಕೂನ್, ಸ್ಕಂಕ್‌ಗಳ ಜತೆ ಜಗಳವಾಡಿ ಬಂದ ಬೆಕ್ಕು ಬೆಳಿಗ್ಗೆ ನಮ್ಮ ಮಗುವಿನ ಹಾಸಿಗೆಯ ಮೇಲೆ ಮಲಗುತ್ತದೆ. ಈ ಸಂಬಂಧ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೆಕ್ಕಿನ ಮಲದಿಂದ ಬರುವ ಟಾಕ್ಸೋಪ್ಲಾಸ್ಮಾ ಬೇರೆ. ಗರ್ಭಿಣಿಗೆ ಹೊಸದಾಗಿ ಅಂಟಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಮಿದುಳುಗಳಿಗೆ ಪೆಟ್ಟಾಗಬಹುದು. ಬೇಸಿಗೆಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರು ಹಿತ್ತಲಲ್ಲಿ ಪ್ರೀತಿಯಿಂದ ಮೆಂತ್ಯ, ದಂಟು, ಹೀರೆಕಾಯಿ ಬೆಳೆಯುತ್ತಾರೆ. ಅದೇ ಮೆತ್ತನೆಯ ಮಣ್ಣು ಬೀದಿ ಬೆಕ್ಕಿಗೆ ಪಾಯಿಖಾನೆ. ಕೈಗೆ ಗ್ಲೌಸ್ ಹಾಕಿಕೊಳ್ಳಲು ಹೇಳಿ, ಸೊಪ್ಪು ಚೆನ್ನಾಗಿ ತೊಳೆಯಲು ಹೇಳಿ.

ಆಕ್ಷೇಪಣೆಗಳು ನಮಗೆ ಗೊತ್ತಿಲ್ಲದ್ದೇನಲ್ಲ. "ಬೆಕ್ಕಿನ ಸ್ವಭಾವವೇ ತಿರುಗಾಟ, ಒಳಗೆ ಕೂಡಿಹಾಕಿದರೆ ಪಾಪವಲ್ಲವೆ? ಊರಲ್ಲಿ ನಮ್ಮ ಅಜ್ಜಿ ಯಾವತ್ತಾದರೂ ಕೂಡಿಹಾಕಿದ್ದರೆ?" ಎನ್ನುತ್ತಾರೆ. ಇಲ್ಲ, ಕೂಡಿಹಾಕಲಿಲ್ಲ. ಅಜ್ಜಿಯ ಮನೆಯ ಬೆಕ್ಕಿಗೆ ಭತ್ತದ ಕಣಜದ ಇಲಿ ಹಿಡಿಯುವ ಉದ್ಯೋಗವಿತ್ತು, ಹೆಂಚಿನ ಸಂದಿಯಲ್ಲಿ ದಾರಿಯಿತ್ತು. ಅದು ಎಷ್ಟು ವರ್ಷ ಬದುಕಿತೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಇಲ್ಲಿಯ ಬೆಕ್ಕಿಗೆ ಹೆಸರಿದೆ, ಡಾಕ್ಟರಿದ್ದಾರೆ, ಮಕ್ಕಳ ಜತೆ ಫೋಟೋ ಇದೆ. ಹೊರಗೆ ಹೋದರೆ ಕಾರುಗಳಿವೆ. ಕೆಲವಕ್ಕೆ ಉಗುರೂ ಇಲ್ಲ. ಸೋಫಾ ಹರಿಯುತ್ತದೆಂದು ಉಗುರು ಕೀಳಿಸುವುದನ್ನು ನ್ಯೂಯಾರ್ಕ್ ರಾಜ್ಯ 2019ರಲ್ಲಿ ನಿಷೇಧಿಸಿತು. ಅದಕ್ಕೂ ಮೊದಲು ಕೀಳಿಸಿಕೊಂಡ ಬೆಕ್ಕು ಮರವನ್ನಾದರೂ ಹೇಗೆ ಹತ್ತೀತು? ಮಗುವನ್ನು ಕಾರ್ ಸೀಟಿಗೆ ಕಟ್ಟಿ ಕೂರಿಸುವಾಗ "ಸ್ವಾತಂತ್ರ್ಯ ಹೋಯಿತು" ಎಂದು ನಾವು ಅಳುವುದಿಲ್ಲವಷ್ಟೆ.

ಇನ್ನು ಕೆಲವರು "ಬೀದಿ ಬೆಕ್ಕುಗಳಿಗೆ ಅನ್ನ ಹಾಕುವುದು ಪುಣ್ಯದ ಕೆಲಸ" ಎನ್ನುತ್ತಾರೆ. ಹಸಿದ ಪ್ರಾಣಿಗೆ ಅನ್ನ ಹಾಕುವ ಕೈಯನ್ನು ನಾವು ಹಳಿಯುವುದಿಲ್ಲ. ಆದರೆ ಡೆಕ್ಕಿನ ಮೇಲೆ ರಾತ್ರಿಯಿಡೀ ತಟ್ಟೆ ಇಟ್ಟರೆ ಬೆಕ್ಕು ಮಾತ್ರ ಬರುವುದಿಲ್ಲ; ರಕೂನ್ ಬರುತ್ತದೆ, ಸ್ಕಂಕ್ ಬರುತ್ತದೆ, ಇವೆಲ್ಲವನ್ನೂ ಹುಡುಕಿಕೊಂಡು ಕಯೋಟಿ ಬರುತ್ತದೆ. ಅದೇನು ಅನ್ನದಾನವೋ ಬಲಿದಾನವೋ! ಹಾಕುವುದಾದರೆ ಹಗಲಿನಲ್ಲಿ ಹಾಕಿ, ಕತ್ತಲಾಗುವ ಮೊದಲು ತಟ್ಟೆ ಒಳಗಿಡಿ. ಹಾಕುವ ಬೆಕ್ಕಿಗೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಮಾಡಿಸುವ ಹೊಣೆಯನ್ನೂ ಹೊರಿ, ಸಾಧ್ಯವಾದರೆ ಅದಕ್ಕೊಂದು ಮನೆ ಹುಡುಕಿ. ಶ್ರಾದ್ಧದ ದಿನ ಕಾಗೆಗೆಂದು ಹುಲ್ಲಿನ ಮೇಲಿಟ್ಟ ಪಿಂಡ ಮಿಕ್ಕಿದ್ದರೆ ಅದನ್ನೂ ಸಂಜೆಗೆ ತೆಗೆಯಿರಿ, ಪಿತೃಗಳು ಬೇಸರಪಡಲಾರರು.

ಕಯೋಟಿಯಿಂದ ಮನುಷ್ಯರಿಗೆ ಅಪಾಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. 2010ರ ಬೇಸಿಗೆಯಲ್ಲಿ ವೆಸ್ಟ್‌ಚೆಸ್ಟರಿನ ರೈ ಪಟ್ಟಣದಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ಕಯೋಟಿಗಳು ಎರಗಿದವು. 2015ರಲ್ಲಿ ಬರ್ಗನ್ ಕೌಂಟಿಯ ನಾರ್ವುಡ್‌ನಲ್ಲಿ ಒಬ್ಬರನ್ನು ಕಚ್ಚಿದ ಕಯೋಟಿಗೆ ರೇಬೀಸ್ ಇತ್ತು. ಹಗಲಿನಲ್ಲಿ ಕಂಡ ಮಾತ್ರಕ್ಕೆ ಹುಚ್ಚು ಹಿಡಿದಿದೆ ಎನ್ನಬೇಕಾಗಿಲ್ಲ. ಆದರೆ ಮನುಷ್ಯರಿಗೆ ಹೆದರದೆ ಮೇಲೆ ಬರುವ, ತೂರಾಡುವ ಪ್ರಾಣಿ ಕಂಡರೆ ಕೂಡಲೇ ಪೋಲೀಸರಿಗೆ ತಿಳಿಸಬೇಕು. ಅಂಥ ಒಂದು ಪ್ರಾಣಿಯನ್ನು ತೆಗೆಯುವುದು ಬೇರೆ, ಊರಿನ ಕಯೋಟಿಗಳನ್ನೆಲ್ಲ ನಿರ್ಮೂಲ ಮಾಡಿ ಎನ್ನುವುದು ಬೇರೆ. ಕಯೋಟಿ ಎದುರಾದರೆ ಓಡಬೇಡಿ. ಮಗುವನ್ನು ಎತ್ತಿಕೊಳ್ಳಿ, ನೆಟ್ಟಗೆ ನಿಂತು ಕೈಯೆತ್ತಿ ಗಟ್ಟಿಯಾಗಿ ಕೂಗಿ. ಮನೆಯ ಹತ್ತಿರವಾದರೆ ಪಾತ್ರೆ ಬಡಿಯಿರಿ. ಗ್ರಹಣದ ದಿನ ನೋಡಿದ ಅಭ್ಯಾಸ ಕೆಲವರಿಗಾದರೂ ಇದ್ದೀತು. ಯಾವುದೇ ಪ್ರಾಣಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಿ. ಅರಿಸಿನ ಹಚ್ಚಿ ನೋಡೋಣ, ಸೋಮವಾರದವರೆಗೆ ಕಾಯೋಣ ಎಂಬುದು ಬೇಡ.

ಅರ್ಜಿ ಬರೆಯಲೇಬೇಕೆಂದರೆ ಬೇರೆ ಅರ್ಜಿ ಬರೆಯೋಣ. ಕಸದ ಡಬ್ಬಿಗಳಿಗೆ ಗಟ್ಟಿ ಮುಚ್ಚಳ ಕೊಡಿಸಿ, ಟೌನ್‌ಶಿಪ್ಪಿನಲ್ಲಿ ಬೆಕ್ಕುಗಳಿಗೆ ಪುಕ್ಕಟೆ ರೇಬೀಸ್ ಲಸಿಕೆಯ ದಿನವನ್ನು ಏರ್ಪಡಿಸಿ, ಸಂತಾನಹರಣಕ್ಕೆ ಹಣ ತೆಗೆದಿಡಿ ಎಂದು ಕೇಳೋಣ. ಅದಕ್ಕೆ ನಮ್ಮ ಸಹಿ ಮೊದಲನೆಯದು. ಬೆಕ್ಕನ್ನು ಕಳೆದುಕೊಂಡು ಅಳುವ ಮಕ್ಕಳನ್ನು ನಾವೂ ಕಂಡಿದ್ದೇವೆ, ಆ ದುಃಖ ಸಣ್ಣದಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಇಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಕ್ಕನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳಿ. ಇಷ್ಟಕ್ಕೆ ಯಾವ ಮೇಯರ ಅಪ್ಪಣೆಯೂ ಬೇಕಿಲ್ಲ.