ಬೆಳೆ ಸಮೀಕ್ಷೆಯೂ ಮೊಬೈಲಿನೊಳಗಿನ ಜಾಗವೂ

ರೈತರೇ ತಮ್ಮ ಬೆಳೆಯ ವಿವರವನ್ನು ದಾಖಲಿಸುವ ಮೊಬೈಲ್ ಆ್ಯಪ್ ಅನ್ನು ರಾಜ್ಯ ಸರ್ಕಾರವು 2020ರ ಮುಂಗಾರಿನಲ್ಲಿ ಜಾರಿಗೆ ತಂದಿತು. ಗದಗ-ಬೆಟಗೇರಿ ಸುತ್ತಲಿನ ಎರೆ ಹೊಲದಲ್ಲಿ ಹೆಸರು ಬಿತ್ತಿದವರೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಶೇಂಗಾ, ಗೋವಿನಜೋಳ ಬೆಳೆದವರೂ ಹೊಲದಲ್ಲಿ ನಿಂತು ಬೆಳೆಯ ಛಾಯಾಚಿತ್ರ ತೆಗೆಯಬೇಕು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಹಾನಿ ಪರಿಹಾರಗಳಿಗೆ ಈ ದಾಖಲೆಯೇ ಆಧಾರ. ಆ ಹೊತ್ತಿಗೆ ಫೋನಿನ ಪರದೆಯ ಮೇಲೆ ‘ಸ್ಟೋರೇಜ್ ಫುಲ್’ ಎಂಬ ಸೂಚನೆ ಮೂಡಿದರೆ ಅದು ಬರಿಯ ಕಿರಿಕಿರಿಯಲ್ಲ.

16 ಜಿಬಿ ಎಂದು ಮಾರಾಟವಾದ ಫೋನಿನಲ್ಲಿ ಅಷ್ಟೂ ಜಾಗ ಬಳಕೆದಾರನ ಕೈಗೆ ಸಿಗುವುದಿಲ್ಲ. ದೊಡ್ಡ ಪಾಲನ್ನು ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಯೇ ನುಂಗುತ್ತದೆ. ಈ ಪಾಲನ್ನು ಅಡಕಗೊಳಿಸಿ ಇಡುವ ಯತ್ನ ಹೊಸದಲ್ಲ. ಆದರೆ ಹಳೆಯ ವಿಧಾನಗಳಲ್ಲಿ ಚಿಕ್ಕದೊಂದು ತುಣುಕನ್ನು ಓದಲೂ ದೊಡ್ಡ ಕಂತೆಯನ್ನೇ ಬಿಚ್ಚಬೇಕಾಗುತ್ತಿತ್ತು. ಕಡಿಮೆ ರ‍್ಯಾಮ್‌ನ ಫೋನು ಮಂದವಾಗುತ್ತಿತ್ತು. ಚೀನಾದ ಹುವಾವೆ ಸಂಸ್ಥೆ ರೂಪಿಸಿದ ಇಆರ್‌ಒಎಫ್‌ಎಸ್ ಎಂಬ ಕಡತ ವ್ಯವಸ್ಥೆ ಲೆಕ್ಕವನ್ನು ತಿರುವುಮುರುವು ಮಾಡಿತು. ಅಡಕಗೊಂಡ ಮಾಹಿತಿಯನ್ನು 4 ಕೆಬಿಯಂತಹ ನಿಗದಿತ ಅಳತೆಯ ಖಾನೆಗಳಲ್ಲಿ ಭರ್ತಿ ಮಾಡುವುದರಿಂದ ಬೇಕಾದ ಖಾನೆಯನ್ನಷ್ಟೇ ಓದಿದರೆ ಸಾಕು. 2018ರಲ್ಲಿ ಪ್ರಾಯೋಗಿಕವಾಗಿ ಲಿನಕ್ಸ್ ಸೇರಿದ ಇದು 2019ರಲ್ಲಿ ಪೂರ್ಣ ಮಾನ್ಯತೆ ಪಡೆಯಿತು; ಬಳಿಕ ಆಂಡ್ರಾಯ್ಡ್ ಕೂಡ ಒಪ್ಪಿಕೊಂಡಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ವ್ಯವಸ್ಥೆ ಓದಲು ಮಾತ್ರ ಬರುವ ಭಾಗಕ್ಕೆ ಸೀಮಿತ. ಹೊಲದ ಚಿತ್ರಗಳಿಗಾಗಲಿ, ಬೀಗರು ಕಳಿಸಿದ ಮದುವೆಯ ವಿಡಿಯೊಗಳಿಗಾಗಲಿ ಇದರಿಂದ ಏನೂ ಆಗದು. ಅವು ಮೊದಲೇ ಅಡಕಗೊಂಡಿರುತ್ತವೆ, ಮತ್ತೆ ಹಿಂಡಿದರೆ ಜಾಗ ಉಳಿಯುವುದಿಲ್ಲ. ಬಳಕೆದಾರನ ಭಾಗಕ್ಕೆ ಸ್ಯಾಮ್ಸಂಗ್ ರೂಪಿಸಿದ ಎಫ್2ಎಫ್‌ಎಸ್ ಇದೆ. ಅದಕ್ಕೆ 2020ರಲ್ಲಿ ಅಡಕ ಸೌಲಭ್ಯ ಬಂದರೂ ಉಳಿದ ಜಾಗ ತಾನಾಗಿಯೇ ಬಳಕೆದಾರನಿಗೆ ಮರಳುವುದಿಲ್ಲ. ಬರೆಯುವ ಪ್ರಮಾಣ ತಗ್ಗಿಸಿ ಫ್ಲ್ಯಾಷ್ ಚಿಪ್ಪಿನ ಆಯುಸ್ಸು ಹೆಚ್ಚಿಸುವುದೇ ಅದರ ಮುಖ್ಯ ಗುರಿ. ಮೇಲಾಗಿ, ಕೈಯಲ್ಲಿರುವ ಹಳೆಯ ಫೋನಿನ ಕಡತ ವ್ಯವಸ್ಥೆಯನ್ನು ಸಾಮಾನ್ಯ ಬಳಕೆದಾರ ಬದಲಿಸಲಾರ.

ಆದುದರಿಂದ ಹೊಣೆಯನ್ನು ಫೋನ್ ತಯಾರಕರಿಗೆ ಬಿಟ್ಟು ಇಲಾಖೆಗಳು ಸುಮ್ಮನಿರುವಂತಿಲ್ಲ. ಆ್ಯಪ್‌ನ ಗಾತ್ರ ಕಿರಿದಾಗಿರಬೇಕು, ಚಿತ್ರಗಳನ್ನು ಅಗತ್ಯವಿದ್ದಷ್ಟೇ ಅಳತೆಯಲ್ಲಿ ತೆಗೆಯಬೇಕು, ಅಪ್‌ಲೋಡ್ ಆದೊಡನೆ ಫೋನಿನಿಂದ ಅಳಿಸಬೇಕು. ರೈತರು ಸ್ವತಃ ದಾಖಲಿಸದಿದ್ದರೆ ಸರ್ಕಾರ ನೇಮಿಸಿದ ಖಾಸಗಿ ನಿವಾಸಿಗಳು ಆ ಕೆಲಸ ಮಾಡುತ್ತಾರೆ ಎಂಬುದು ನಿಜ. ಅವರು ಶೇಂಗಾ ಹೊಲಕ್ಕೆ ಗೋವಿನಜೋಳ ಎಂದು ಬರೆದರೆ ಅದನ್ನು ಕಂಡುಕೊಳ್ಳಲು ರೈತ ‘ಬೆಳೆ ದರ್ಶಕ’ ಎಂಬ ಇನ್ನೊಂದು ಆ್ಯಪ್ ತೆರೆಯಬೇಕು. ಅದಕ್ಕೂ ಫೋನಿನಲ್ಲಿ ಜಾಗ ಬೇಕು.